ಕುಂಡದಲ್ಲಿರುವುದು ಜುನಿಪರ್ರೇನಾ? ಮುಟ್ಟಿ ನೋಡಿ

ನರ್ಸರಿಯಲ್ಲಿ ಬೋನ್ಸಾಯ್‌ಗೆ, ಅಂದರೆ ಕುಂಡದಲ್ಲೇ ಕುಬ್ಜ ಮರವಾಗಿ ಬೆಳೆಸಲು, ಜುನಿಪರ್ ಗಿಡ ಕೇಳಿದರೆ ಒಮ್ಮೊಮ್ಮೆ ಥೂಜಾ ಕೈಗೆ ಬರುತ್ತದೆ. ಅದೇ, ಚಿಕ್ಕವರಿದ್ದಾಗ ವಿದ್ಯೆ ಬರುತ್ತದೆ ಅಂತ ಪುಸ್ತಕದ ನಡುವೆ ಇಡುತ್ತಿದ್ದೆವಲ್ಲ, ಆ ಗಿಡ. ಎರಡೂ ಒಂದೇ ಕುಟುಂಬದವು. ದೂರದಿಂದ ಅಣ್ಣತಮ್ಮಂದಿರ ಹಾಗೆಯೇ ಕಾಣುತ್ತವೆ. ಹಾಗಾಗಿ ಕಣ್ಣಿಗಿಂತ ಬೆರಳನ್ನು ನಂಬಿ.

ಮೊದಲು ಒಂದು ಪುಟ್ಟ ರೆಂಬೆಯನ್ನು ಎರಡು ಬೆರಳ ನಡುವೆ ಉರುಳಿಸಿ. ಥೂಜಾದ್ದು ಇಸ್ತ್ರಿ ಮಾಡಿದಷ್ಟು ಚಪ್ಪಟೆ, ಉರುಳುವುದೇ ಇಲ್ಲ. ಜುನಿಪರ್‌ನದು ದುಂಡಗೆ, ತೆಳ್ಳನೆಯ ಹುರಿಯಂತೆ ತಿರುಗುತ್ತದೆ.

ಆಮೇಲೆ ಎಲೆ ನೋಡಿ. ಎಳೆಯ ಜುನಿಪರ್‌ನಲ್ಲಿ ಚುಚ್ಚುವ ಸೂಜಿ ಎಲೆ. ಬಲಿತ ಮೇಲೆ ಬಹಳಷ್ಟು ಜಾತಿಗಳಲ್ಲಿ ಮೀನಿನ ಹುರುಪೆಯ ಹಾಗೆ ರೆಂಬೆಗೆ ಅಂಟಿಕೊಂಡ ಪುಟ್ಟ ಎಲೆ. ಇಲ್ಲಿ ಬೋನ್ಸಾಯ್‌ಗೆ ಮಾರುವ ಚೈನೀಸ್ ಜುನಿಪರ್‌ನಲ್ಲಿ ಒಂದೇ ಗಿಡದಲ್ಲಿ ಎರಡೂ ಸಿಗುತ್ತವೆ. ಜೋರಾಗಿ ಕತ್ತರಿಸಿದರೆ ಹುರುಪೆ ಬಿಟ್ಟು ಮತ್ತೆ ಸೂಜಿಯನ್ನೇ ಚಿಗುರಿಸುತ್ತದೆ, ಮುನಿಸಿಕೊಂಡ ಹಾಗೆ! ಸಾಮಾನ್ಯ ಜುನಿಪರ್ ಅನ್ನುವ ಇನ್ನೊಂದು ಜಾತಿಗೆ ಮಾತ್ರ ವಯಸ್ಸಾದರೂ ಸೂಜಿಯೇ. ಗೆಣ್ಣಿಗೆ ಮೂರರಂತೆ, ಒಳಮೈಯಲ್ಲಿ ಒಂದು ಬಿಳಿ ಪಟ್ಟೆ.

ಕಾಯಿ ಸಿಕ್ಕರೆ ಅನುಮಾನವೇ ಬೇಡ. ಥೂಜಾದ ಕಾಯಿಗೆ ಪುಟ್ಟ ಕೊಂಬುಗಳಿರುತ್ತವೆ, ಒಣಗಿ ಬಿರಿಯುತ್ತದೆ. ಜುನಿಪರ್‌ನದು ಬಿರಿಯುವುದಿಲ್ಲ. ದ್ರಾಕ್ಷಿಯ ಮೇಲಿರುವಂಥ ಬೂದಿ ಪುಡಿ ಹೊತ್ತ ನೀಲಿ ಗುಂಡು. ನೋಡಲು ಹಣ್ಣು, ಆದರೆ ನಿಜಕ್ಕೂ ಪೈನ್ ಕಾಯಿಯ ಹಾಗೆ ಇದೂ ಶಂಕುವೇ. ಹುರುಪೆಗಳು ಮಾಂಸಲವಾಗಿ ಒಂದಕ್ಕೊಂದು ಬೆಸೆದುಕೊಂಡಿವೆ, ಅಷ್ಟೇ. ಹಕ್ಕಿಗಳು ನುಂಗಿ ಬೀಜ ಹರಡುತ್ತವೆ. ಸಾಮಾನ್ಯ ಜುನಿಪರ್‌ನಲ್ಲಿ ಇದು ಮಾಗಲು ಸುಮಾರು 18 ತಿಂಗಳು ಬೇಕು. ಅದಕ್ಕೇ ಒಂದೇ ಪೊದೆಯಲ್ಲಿ ಹಸಿರು ಕಾಯಿ, ನೀಲಿ ಕಾಯಿ ಒಟ್ಟಿಗೆ ಇರುತ್ತವೆ. ಜಿನ್ ಅನ್ನುವ ಮದ್ಯಕ್ಕೆ ಘಮ ಕೊಡುವುದೂ ಇದೇ. ಗಂಡು ಹೆಣ್ಣು ಸಾಮಾನ್ಯವಾಗಿ ಬೇರೆ ಬೇರೆ ಗಿಡ, ಹಾಗಾಗಿ ನಿಮ್ಮ ಕುಂಡದಲ್ಲಿ ಕಾಯಿ ಬಿಡದಿದ್ದರೆ ಬೇಜಾರಾಗಬೇಡಿ.

ಇನ್ನು ಸಾಕುವ ಮಾತು. ಅದಕ್ಕೆ ಮೊದಲು ಈ ಕುಲದ ಗಿಡಗಳು ಬೆಟ್ಟದಲ್ಲಿ ಹೇಗೆ ಬದುಕುತ್ತವೆ ಅಂತ ಗೊತ್ತಿರಬೇಕು. ಹಿಮಾಲಯದ ಲಾಹೌಲ್, ಲಡಾಖ್ ಕಡೆ ಕಲ್ಲುಗುಡ್ಡದ ಇಳಿಜಾರು, ಸುಡು ಬಿಸಿಲು, ಒಣ ಗಾಳಿ. ಲಡಾಖಿಗಳು ಇದನ್ನು ಶುಕ್ಪಾ ಅನ್ನುತ್ತಾರೆ, ಧೂಪಕ್ಕೆ ಸುಡುತ್ತಾರೆ. ಟಿಬೆಟ್‌ನಲ್ಲಿ ಸುಮಾರು 4,900 ಮೀಟರ್ ಎತ್ತರದಲ್ಲೂ ಜುನಿಪರ್ ಮರಗಳಿವೆ. ಇನ್ನು ಕೆಲವು ಜಾತಿಗಳು ನೆಲಕ್ಕೆ ಒರಗಿ ಹಬ್ಬಿಕೊಂಡು, ಚಳಿಗಾಲವಿಡೀ ಹಿಮವನ್ನೇ ಕಂಬಳಿಯಂತೆ ಹೊದ್ದಿರುತ್ತವೆ.

ನಮ್ಮ ಬೆಂಗಳೂರು ಸುಮಾರು 900 ಮೀಟರ್. ಹಿಮ ತರೋಕಾಗಲ್ಲ, ಇಳಿಜಾರನ್ನು ತರಬಹುದು. ಲಾಲ್‌ಬಾಗ್ ಬಂಡೆಯ ಮೇಲೆ ಮಳೆ ಬಿದ್ದಾಗ ನೋಡಿದ್ದೀರಲ್ವಾ? ನೀರು ನಿಲ್ಲದೆ ಜಾರಿಹೋಗುತ್ತದೆ. ಕುಂಡದಲ್ಲೂ ಹಾಗೇ ಆಗಬೇಕು. ಕೆಂಪು ಮಣ್ಣು ಕಡಿಮೆ, ದಪ್ಪ ಮರಳು, ಸಣ್ಣ ಜಲ್ಲಿ ಜಾಸ್ತಿ. ತಳದ ತೂತು ಕಟ್ಟಿಕೊಂಡಿಲ್ಲ ಅಂತ ನೋಡಿಕೊಳ್ಳಿ. ಹಾಲ್‌ನಲ್ಲಿ ಟೀವಿ ಪಕ್ಕ ಬೇಡ, ಬಿಸಿಲು ಬೀಳುವ ತಾರಸಿಯೇ ಸರಿ.

ನೀರಿನ ವಿಷಯದಲ್ಲಿ ನಾನೇ ಒಂದು ಗಿಡ ಕೊಂದಿದ್ದೇನೆ. ದಿನಾ ಬೆಳಗ್ಗೆ ಕಾಫಿ ಕುಡಿದ ಮೇಲೆ ಒಂದು ಚೊಂಬು ನೀರು. ಎಲೆಯೆಲ್ಲ ಹಸಿರಾಗೇ ಇತ್ತು. ಒಂದಿನ ಸುಮ್ನೆ ಕಾಂಡ ಹಿಡಿದರೆ ಬೇರು ಸಮೇತ ಕೈಗೆ ಬಂತು, ಕಪ್ಪಗೆ ಕೊಳೆತಿತ್ತು. ಬೇರು ಸತ್ತು ವಾರಗಳಾದರೂ ಜುನಿಪರ್ ಹಸಿರಾಗಿಯೇ ನಿಂತಿರುತ್ತದೆ. ಎಲೆ ಕಂದಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಈಗ ಉರಿದ ಊದುಬತ್ತಿಯ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೆಗೆಯುತ್ತೇನೆ. ಕಡ್ಡಿ ಒದ್ದೆಯಾಗಿದ್ದರೆ ಆವತ್ತು ನೀರಿಲ್ಲ.

ಕತ್ತರಿ ಹಿಡಿದಾಗ ಹಸಿರು ಎಲೆ ಇರುವ ಭಾಗದಲ್ಲಿ ಮಾತ್ರ ಕತ್ತರಿಸಿ. ಎಲೆಯಿಲ್ಲದ ಹಳೇ ಕಟ್ಟಿಗೆಗೆ ಕೈ ಹಾಕಿದರೆ ಅಲ್ಲಿಂದ ಮತ್ತೆ ಚಿಗುರುವುದಿಲ್ಲ.