ನಾಯಿ ಅಂಗಾತ ಬಿದ್ದರೆ ಹೊಟ್ಟೆ ಸವರಬಹುದೇ?

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಹಾಲಿನ ಡೇರಿ ಮುಂದೆ ಒಂದೆರಡು ನಾಯಿಗಳು ಕಾಯುತ್ತಿರುತ್ತವೆ. ಹಾಲು ಹಾಕಲು ಬಂದವರು ಹತ್ತಿರ ಹೋದೊಡನೆ ಅವುಗಳಲ್ಲೊಂದು ಅಂಗಾತ ಬಿದ್ದು ಹೊಟ್ಟೆ ತೋರಿಸುತ್ತದೆ, ಜೊತೆಗಿದ್ದ ಮಗು ತಕ್ಷಣ ಕೈ ಹಾಕುತ್ತದೆ. ಈ ಭಂಗಿಗೆ ‘ಮುದ್ದು ಮಾಡು’ ಎಂಬ ಅರ್ಥವಿರುವಂತೆಯೇ ‘ನಿನ್ನ ತಂಟೆಗೆ ಬರುವುದಿಲ್ಲ, ನನ್ನನ್ನು ಬಿಟ್ಟುಬಿಡು’ ಎಂಬ ಅರ್ಥವೂ ಇರುವುದರಿಂದ, ಕೈ ಚಾಚುವ ಮುನ್ನ ಎರಡರಲ್ಲಿ ಯಾವುದೆಂದು ತಿಳಿಯಬೇಕು.

ಮೊದಲು ನಿಂತಲ್ಲೇ ನಿಂತು ಮೈಯನ್ನು ಗಮನಿಸಿ. ಮುದ್ದು ಬಯಸುವ ನಾಯಿಯ ಮೈ ಸಡಿಲವಾಗಿರುತ್ತದೆ. ಅದು ಬೆನ್ನ ಮೇಲೆ ಹೊರಳಾಡುತ್ತದೆ, ಬಾಯಿ ಅರೆ ತೆರೆದಿರುತ್ತದೆ, ಬಾಲ ನೆಲವನ್ನು ಗುಡಿಸುವಂತೆ ಅತ್ತಿತ್ತ ಆಡುತ್ತದೆ. ಹೆದರಿದ ನಾಯಿ ಬಿದ್ದಲ್ಲೇ ಬಿಗಿಯಾಗಿ ಉಳಿದು, ಬಾಲವನ್ನು ಹಿಂಗಾಲುಗಳ ನಡುವೆ ಹೊಟ್ಟೆಗೆ ಒತ್ತಿಕೊಂಡು, ತುಟಿಗಳನ್ನು ಮುಚ್ಚಿ ಮೂಗನ್ನು ಪದೇ ಪದೇ ನೆಕ್ಕುತ್ತದೆ. ಮುಖವನ್ನು ಆಚೆ ತಿರುಗಿಸಿದ್ದರೂ ಕಣ್ಣು ಮಾತ್ರ ನಿಮ್ಮ ಮೇಲೆಯೇ ಇರುವುದರಿಂದ ಅದರ ಬಿಳಿ ಅಂಚು ಕಾಣುತ್ತದೆ. ಮರಿಗಳಾದರೆ ಕೆಲವೊಮ್ಮೆ ಅಲ್ಲೇ ತುಸು ಮೂತ್ರ ಮಾಡಿಕೊಳ್ಳುತ್ತವೆ. ಅದು ಭಯದ, ಶರಣಾಗತಿಯ ಗುರುತೇ ಹೊರತು ಕೆಟ್ಟ ಅಭ್ಯಾಸವಲ್ಲ, ಗದರಿದರೆ ಹೆಚ್ಚಾಗುತ್ತದೆ.

ಇವುಗಳಲ್ಲಿ ಯಾವುದೇ ಹೆದರಿಕೆಯ ಲಕ್ಷಣ ಕಂಡರೆ ಎರಡು ಹೆಜ್ಜೆ ಹಿಂದೆ ಸರಿದು, ಪಕ್ಕಕ್ಕೆ ತಿರುಗಿ ಕುಕ್ಕರಗಾಲಿನಲ್ಲಿ ಕುಳಿತು ಸುಮ್ಮನಿರಿ. ನಾಯಿ ತಾನಾಗಿ ಎದ್ದು ಬಂದರೆ ಸರಿ, ಬಾರದಿದ್ದರೆ ನಿಮ್ಮ ದಾರಿ ಹಿಡಿಯಿರಿ. ಮೈ ಸಡಿಲವಾಗಿದ್ದರೆ ಹೊಟ್ಟೆಯ ಬದಲು ಎದೆಯ ಪಕ್ಕವನ್ನು ಮೂರು ಸೆಕೆಂಡು ಕೆರೆದು ಕೈ ಹಿಂತೆಗೆಯಿರಿ. ಮೂತಿಯಿಂದ ಕೈಯನ್ನು ತಳ್ಳಿ ಇನ್ನಷ್ಟು ಕೇಳಿದರೆ ಮುಂದುವರಿಸಬಹುದು; ಅಲುಗಾಡದೆ ಬಿದ್ದಿದ್ದರೆ ಅದನ್ನು ಒಪ್ಪಿಗೆಯೆಂದು ತಿಳಿಯಬಾರದು. ಪರಿಚಯವಿಲ್ಲದ ಬೀದಿನಾಯಿಯ ವಿಷಯದಲ್ಲಿ ಮಕ್ಕಳಿಗೆ ಈ ಪರೀಕ್ಷೆಯೇ ಬೇಡವೆಂಬುದು ನನ್ನ ಅಭಿಪ್ರಾಯ.

ಏಪ್ರಿಲ್ ಬಿಸಿಲಿನಲ್ಲಿ ಮನೆಯ ನಾಯಿ ಜಗುಲಿಯ ಮೇಲೆ ನಾಲ್ಕೂ ಕಾಲು ಚೆಲ್ಲಿ ನಿದ್ರಿಸುವುದಕ್ಕೆ ಇಂಥ ಅರ್ಥವೇನೂ ಇಲ್ಲ. ಕೂದಲು ಕಡಿಮೆಯಿರುವ ಹೊಟ್ಟೆಗೆ ಗಾಳಿ ತಾಗಲೆಂದು ಅದು ಹಾಗೆ ಮಲಗುತ್ತದೆ. ನಾಯಿಗಳು ತಮ್ಮತಮ್ಮಲ್ಲೇ ಆಡುವಾಗ ಅಂಗಾತ ಬೀಳುವುದೂ ಬೇರೆಯೇ. ಅದನ್ನು ಸೋಲೊಪ್ಪಿಗೆ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಕೆನಡಾದ ಲೆತ್‌ಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರನ್ನು ಒಳಗೊಂಡ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಟದಲ್ಲಿ ಕೆಳಗೆ ಬಿದ್ದ ನಾಯಿ ಎದುರಾಳಿಯ ಹುಸಿಗಡಿತವನ್ನು ತಪ್ಪಿಸಿಕೊಳ್ಳಲು ಇಲ್ಲವೇ ತಾನೇ ಕೆಳಗಿನಿಂದ ಕಚ್ಚಲು ಆ ಭಂಗಿಯನ್ನು ಬಳಸುತ್ತದೆ. ಹಾಗಾಗಿ ಕೆಳಗಿರುವುದನ್ನು ‘ಪಾಪ’ ಎಂದು ಬಿಡಿಸಲು ಓಡಬೇಕಿಲ್ಲ.

ಎಚ್ಚರ ತಪ್ಪಿ ಹಲ್ಲು ಅಥವಾ ಉಗುರು ತಾಗಿದರೆ, ಗಾಯಕ್ಕೆ ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.