ಹಡಗಿನ ವೇಳಾಪಟ್ಟಿಯಿಂದ ಶುರು: ಸಣ್ಣ ದ್ವೀಪರಾಷ್ಟ್ರಕ್ಕೆ ಅಭಿವೃದ್ಧಿ ಯೋಜನೆ ಬರೆಯುವುದು ಹೇಗೆ?

ಮೈಸೂರಿನಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ನಾನು ಒಂದು ಅಭ್ಯಾಸ ಕೊಡುತ್ತೇನೆ. ಪೆಸಿಫಿಕ್ ಸಾಗರದ ಕಿರಿಬಾಟಿ ದೇಶಕ್ಕೆ (ಬರೆಯುವುದು ಹೀಗಾದರೂ ಅಲ್ಲಿನವರು ಹೇಳುವುದು ಕಿರಿಬಾಸ್ ಎಂದು) ಹತ್ತು ವರ್ಷಗಳ ಅಭಿವೃದ್ಧಿ ಯೋಜನೆಯ ಕರಡನ್ನು ಅವರು ಸಿದ್ಧಪಡಿಸಬೇಕು. ಮೊದಲ ಕರಡುಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿರುತ್ತವೆ: ನಮ್ಮ ಹಿಂದಿನ ಪಂಚವಾರ್ಷಿಕ ಯೋಜನೆಗಳ ಕೃಷಿ, ಕೈಗಾರಿಕೆ, ಸಾರಿಗೆ, ಶಿಕ್ಷಣ ಎಂಬ ಅಧ್ಯಾಯಗಳನ್ನು ಹಾಗೆಯೇ ಇಟ್ಟುಕೊಂಡು ಅಂಕಿಗಳನ್ನು ಮಾತ್ರ ಕುಗ್ಗಿಸಿರುತ್ತಾರೆ. ಒಂದು ತಂಡವಂತೂ ಸಿಮೆಂಟ್ ಕಾರ್ಖಾನೆಯನ್ನೂ ಮೆಡಿಕಲ್ ಕಾಲೇಜನ್ನೂ ಸೇರಿಸಿತ್ತು. ಇದು ಪೂರ್ತಿ ಅವರ ತಪ್ಪಲ್ಲ. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿದರೆ ನಾಲೆ ಬರುತ್ತದೆ, ನಾಲೆ ಬಂದರೆ ಕಬ್ಬು ಬರುತ್ತದೆ, ಕಬ್ಬು ಬಂದರೆ 1933ರಲ್ಲಿ ಮಂಡ್ಯಕ್ಕೆ ಬಂದಂತೆ ಸಕ್ಕರೆ ಕಾರ್ಖಾನೆಯೂ ಬರುತ್ತದೆ ಎಂಬ ಸರಪಳಿಯನ್ನು ಕಣ್ಣಾರೆ ಕಂಡ ಸೀಮೆ ನಮ್ಮದು. ಆ ಸರಪಳಿಗೆ ಬೆನ್ನ ಹಿಂದೆ ವಿಶಾಲವಾದ ನೆಲ ಬೇಕು, ಸಣ್ಣ ದ್ವೀಪಕ್ಕೆ ಅದಿಲ್ಲ.

ಆದ್ದರಿಂದ ಮೊದಲು ಅಳತೆಯನ್ನು ಮನಸ್ಸಿಗೆ ತಂದುಕೊಳ್ಳಿ. ಕಿರಿಬಾಟಿಯ ಜನಸಂಖ್ಯೆ 2020ರ ಜನಗಣತಿಯಂತೆ ಸುಮಾರು 1.2 ಲಕ್ಷ, ಅಂದರೆ 2011ರ ಜನಗಣತಿಯ ಮಂಡ್ಯ ನಗರಕ್ಕಿಂತ ಕಡಿಮೆ. ಅದರ ನೆಲ 811 ಚದರ ಕಿಲೋಮೀಟರ್, ಮಂಡ್ಯ ಜಿಲ್ಲೆಯ ಆರನೆಯ ಒಂದು ಪಾಲು. ಆದರೆ ಆ ನೆಲ 33 ದ್ವೀಪಗಳಾಗಿ ಚದುರಿದೆ, ರಾಜಧಾನಿಯಿರುವ ತರಾವಾದಿಂದ ಪೂರ್ವದ ಕಿರಿತಿಮಾತಿ ದ್ವೀಪಕ್ಕಿರುವ ದೂರ ಮೈಸೂರಿನಿಂದ ದೆಹಲಿಗಿರುವ ದೂರಕ್ಕಿಂತ ಹೆಚ್ಚು, ಮತ್ತು ಆ ದೇಶದ ಹಕ್ಕಿಗೆ ಒಳಪಟ್ಟ ಸಮುದ್ರ ಸುಮಾರು 35 ಲಕ್ಷ ಚದರ ಕಿಲೋಮೀಟರಿನಷ್ಟಿದ್ದು ಭಾರತದ ಇಡೀ ಭೂಪ್ರದೇಶವನ್ನೂ ಮೀರುತ್ತದೆ. ಒಂದು ನಗರಸಭೆಯಷ್ಟು ಜನ, ಒಂದು ಉಪಖಂಡದಷ್ಟು ನೀರು: ಯೋಜನೆಯ ಕಷ್ಟಗಳೆಲ್ಲ ಹುಟ್ಟುವುದು ಇಲ್ಲಿಂದ.

ಎರಡನೆಯ ಕೆಲಸವಾಗಿ ಹಡಗಿನ ವೇಳಾಪಟ್ಟಿ ತರಿಸಿಕೊಳ್ಳಿ. ಇದನ್ನು ಮನಗಾಣಿಸಲು ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣದ ಸೇತುವೆಯ ಮೇಲೆ ನಿಲ್ಲಿಸುತ್ತೇನೆ. ಅದೂ ಕಾವೇರಿಯ ನಡುವಿನ ದ್ವೀಪವೇ. ಆದರೂ ಅಲ್ಲಿ ಡೀಸೆಲ್ ಮುಗಿದರೆ ಮೈಸೂರಿನಿಂದ ಅರ್ಧ ಗಂಟೆಯಲ್ಲಿ ಟ್ಯಾಂಕರ್ ಬರುತ್ತದೆ, ಅಕ್ಕಿ ಮುಗಿದರೆ ಬೆಳಗಾಗುವುದರೊಳಗೆ ಲಾರಿ ಬರುತ್ತದೆ. ಸೇತುವೆಯಿಲ್ಲದ ದ್ವೀಪದಲ್ಲಿ ಹಡಗು ಎರಡು ವಾರ ತಡವಾದರೆ ಆಸ್ಪತ್ರೆಯ ಜನರೇಟರ್, ಶಾಲೆಯ ಬಿಸಿಯೂಟ, ಮೀನಿಗೆ ಹಾಕುವ ಮಂಜುಗಡ್ಡೆ, ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಆದ್ದರಿಂದ ಒಂದು ಅಕ್ಕಿ ಮೂಟೆಯನ್ನು ಹಿಡಿದು ಅದು ಹೊರದೇಶದ ಬಂದರಿನಲ್ಲಿ ಹಡಗು ಹತ್ತಿದಾಗಿನಿಂದ ಕೊನೆಯ ದ್ವೀಪದ ಮನೆ ಸೇರುವವರೆಗೆ ಎಲ್ಲೆಲ್ಲಿ ಇಳಿಯಿತು, ಎಷ್ಟು ದಿನ ಕಾಯಿತು, ಯಾರು ಹೊತ್ತರು, ಪ್ರತಿ ಹಂತದಲ್ಲಿ ಬೆಲೆ ಎಷ್ಟು ಏರಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಂಥ ಜೆಟ್ಟಿ (ಹಡಗು ತಂಗುವ ಕಟ್ಟೆ) ಬೇಕು, ಎಲ್ಲಿ ಗೋದಾಮು ಬೇಕು, ಎಷ್ಟು ದಿನಗಳ ದಾಸ್ತಾನು ಬೇಕು ಎಂಬುದನ್ನು ಆ ಹಾಳೆಯೇ ಹೇಳುತ್ತದೆ.

ಆಮೇಲೆ ಕುಡಿಯುವ ನೀರು. ಕಿರಿಬಾಟಿಯಂಥ ಕಡೆಯ ಬಹುತೇಕ ಹವಳದ್ವೀಪಗಳಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಪಂಪಿನಿಂದ ಅತಿಯಾಗಿ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಬೋರ್‌ವೆಲ್ ಒಣಗುವುದನ್ನು ನೋಡಿದ ನಮಗೆ ಬೋರ್‌ವೆಲ್ ಉಪ್ಪಾಗುವುದು ಹೊಸ ವಿಷಯ. ಇನ್ನೊಂದು ದಾರಿಯಾದ ಸಮುದ್ರದ ನೀರಿನ ಶುದ್ಧೀಕರಣಕ್ಕೂ ತನ್ನದೇ ಅಪಾಯವಿದೆ: 2014ರ ಡಿಸೆಂಬರ್‌ನಲ್ಲಿ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯ ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದು ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿಗಳು ನಿಂತಾಗ, ಭಾರತ ವಿಮಾನಗಳಲ್ಲೂ ನೌಕೆಗಳಲ್ಲೂ ನೀರು ಕಳುಹಿಸಬೇಕಾಯಿತು. ಹಾಗಾಗಿ ನೀರಿಗೆ ಕನಿಷ್ಠ ಎರಡು ಮೂಲಗಳಿರಲಿ, ಅವೆರಡೂ ಒಂದೇ ವಿದ್ಯುತ್ ಘಟಕವನ್ನು ನೆಚ್ಚಿಕೊಂಡಿರದಿರಲಿ.

ಆದಾಯದ ಅಧ್ಯಾಯವನ್ನು ಬರೆಯುವಾಗ ನಮ್ಮ ಕಬ್ಬುಬೆಳೆಗಾರರ ಅನುಭವ ನೆರವಿಗೆ ಬರುತ್ತದೆ. ಪಾಂಡವಪುರದ ಕಡೆಯ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಹೇಳಿದ ಮಾತನ್ನು ಈಗಲೂ ಬಳಸುತ್ತೇನೆ: ಕಾರ್ಖಾನೆಯಿಂದ ಕಟಾವಿಗೆ ಆದೇಶ ಬರದೆ ಕಬ್ಬು ಒಣಗತೊಡಗಿದ ವರ್ಷ ಅವನ ತಂದೆ ಅದನ್ನು ಆಲೆಮನೆಗೆ ಸಾಗಿಸಿ ಬೆಲ್ಲ ಮಾಡಿಸಿದರಂತೆ. ನಷ್ಟವಾಯಿತು, ಆದರೆ ಪೂರ್ತಿ ಮುಳುಗಲಿಲ್ಲ. ದ್ವೀಪದ ಯೋಜಕ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ದೇಶದ ಆಲೆಮನೆ ಯಾವುದು?

ಮಂಡ್ಯ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ ವಿಸ್ತೀರ್ಣದ ಮಾರಿಷಸ್ 1968ರಲ್ಲಿ ಸ್ವತಂತ್ರವಾದಾಗ ಸಕ್ಕರೆಯನ್ನೇ ನಂಬಿದ್ದ ದೇಶ. ಅದಕ್ಕೂ ಮೊದಲೇ, 1961ರಲ್ಲಿ, ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ನೇತೃತ್ವದ ತಂಡವು ಏರುತ್ತಿದ್ದ ಜನಸಂಖ್ಯೆಯನ್ನು ನೋಡಿ ಅದರ ಭವಿಷ್ಯದ ಬಗ್ಗೆ ಆತಂಕ ವ್ಯಕ್ತಪಡಿಸಿತ್ತು. ಮಾರಿಷಸ್ 1970ರಲ್ಲಿ, ರಫ್ತಿಗಾಗಿಯೇ ತಯಾರಿಸುವ ಕಾರ್ಖಾನೆಗಳಿಗೆ ರಿಯಾಯಿತಿ ಕೊಡುವ ರಫ್ತು ವಲಯದ ಕಾನೂನು ತಂದಿತು. 1975ರ ಒಪ್ಪಂದದಡಿ ಯುರೋಪ್ ಕೊಟ್ಟ ಖಾತರಿ ಬೆಲೆಯಿಂದ ಬಂದ ಸಕ್ಕರೆಯ ಲಾಭ ಸಿದ್ಧ ಉಡುಪಿನ ಗಿರಣಿಗಳಿಗೂ ಹೋಟೆಲುಗಳಿಗೂ ಹರಿಯಿತು. ಆ ಖಾತರಿ 2009ರಲ್ಲಿ ಕೊನೆಗೊಳ್ಳುವ ಹೊತ್ತಿಗೆ ದೇಶ ಬೇರೆ ಕಾಲುಗಳ ಮೇಲೆ ನಿಂತಿತ್ತು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಕಲಿಯಬೇಕಾದದ್ದು ಬೆಲೆ ಚೆನ್ನಾಗಿದ್ದಾಗಲೇ ಮುಂದಿನದನ್ನು ಕಟ್ಟಿದ ಆ ಕಾಲಪ್ರಜ್ಞೆಯನ್ನು, ಗಿರಣಿಗಳನ್ನು ನಕಲು ಮಾಡುವುದನ್ನಲ್ಲ.

ಮಾರಿಷಸ್‌ನಷ್ಟು ನೆಲವಾಗಲಿ ಜನವಾಗಲಿ ಇಲ್ಲದ ಕಡೆ ಆಲೆಮನೆ ಎಂದರೆ ನಿಧಿ, ಅಂದರೆ ಮುಂದಿನ ಕಷ್ಟಕಾಲಕ್ಕೆಂದು ದೇಶ ಕೂಡಿಟ್ಟು ಹೂಡಿದ ಹಣ. ಪೆಸಿಫಿಕ್‌ನದೇ ಆದ ನೌರು ಮತ್ತು ಕಿರಿಬಾಟಿ ಎರಡೂ ಗೊಬ್ಬರಕ್ಕೆ ಬಳಸುವ ಫಾಸ್ಫೇಟ್ ಖನಿಜವನ್ನು ಅಗೆದು ಮಾರಿದ ದೇಶಗಳು. 21 ಚದರ ಕಿಲೋಮೀಟರಿನ ನೌರು ಆ ಹಣವನ್ನು ಹೊರದೇಶಗಳ ಕಟ್ಟಡಗಳಲ್ಲೂ ವಿಮಾನಯಾನದಲ್ಲೂ ಸರ್ಕಾರದ ದಿನನಿತ್ಯದ ಖರ್ಚಿನಲ್ಲೂ ಕರಗಿಸಿ, 2015ರಲ್ಲಿ ಹೊಸ ನಿಧಿಯೊಂದನ್ನು ಬುಡದಿಂದ ಆರಂಭಿಸಬೇಕಾಯಿತು. ಕಿರಿಬಾಟಿಯಲ್ಲಿ 1956ರಲ್ಲಿ ಸ್ಥಾಪನೆಯಾದ ಮೀಸಲು ನಿಧಿ, ಬನಾಬಾ ದ್ವೀಪದ ಗಣಿ 1979ರಲ್ಲಿ ಮುಚ್ಚಿದ ಮೇಲೂ ಉಳಿದುಬಂದಿದೆ. ನೆರೆಯ ದ್ವೀಪರಾಷ್ಟ್ರ ಟುವಾಲು 1987ರಲ್ಲಿ ದಾನಿ ದೇಶಗಳ ನೆರವಿನಿಂದ ಕಟ್ಟಿದ ನಿಧಿಯಲ್ಲಿ, ಹಣದುಬ್ಬರಕ್ಕೆ ಹೊಂದಿಸಿದ ಮೂಲಧನವನ್ನು ಮುಟ್ಟದೆ ಅದರ ಮೇಲಿನ ಗಳಿಕೆಯನ್ನು ಮಾತ್ರ ತೆಗೆಯುವ ನಿಯಮವಿದೆ. ನಿಮ್ಮ ಕರಡಿನಲ್ಲಿ ನಿಧಿಯ ಮೊತ್ತಕ್ಕಿಂತ ಇಂಥ ನಿಯಮದ ಪದಗಳಿಗೆ ಹೆಚ್ಚು ಸಮಯ ಕೊಡಿ.

ಮೀನಿನ ಆದಾಯಕ್ಕೂ ಇದೇ ಎಚ್ಚರ ಬೇಕು. ಕಿರಿಬಾಟಿ, ಟುವಾಲು, ನೌರು ಸೇರಿದಂತೆ ಎಂಟು ದೇಶಗಳು ಒಂದಾಗಿ, ವಿದೇಶಿ ಹಡಗುಗಳಿಗೆ ಟ್ಯೂನಾ ಹಿಡಿಯುವ ದಿನಗಳನ್ನೇ ಎಣಿಸಿ ಮಾರುತ್ತವೆ. ಇದರಿಂದ ಚೌಕಾಶಿಯ ಬಲ ಹೆಚ್ಚಿತು, ನಿಜ. ಆದರೆ ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬೆಚ್ಚಗಾಗುವ ಎಲ್ ನಿನೊ ವರ್ಷದಲ್ಲಿ ಮೀನು ಪೂರ್ವಕ್ಕೆ ಸರಿದು ಕಿರಿಬಾಟಿಯ ಬೊಕ್ಕಸ ತುಂಬಿದರೆ, ಇನ್ನೊಂದು ವರ್ಷ ಅದು ಪಶ್ಚಿಮಕ್ಕೆ ಮರಳುತ್ತದೆ. ತುಂಬಿದ ವರ್ಷದ ವರಮಾನವನ್ನು ನೋಡಿ ಸಂಬಳ ಏರಿಸುವಂಥ ಯಾವ ಸಾಲೂ ಯೋಜನೆಯಲ್ಲಿ ಇರಬಾರದು.

ವಿಪತ್ತನ್ನು ಕೊನೆಯ ಅನುಬಂಧಕ್ಕೆ ತಳ್ಳಬೇಡಿ. 2017ರ ಮರಿಯಾ ಚಂಡಮಾರುತದಿಂದ ಕೆರಿಬಿಯನ್ ದ್ವೀಪರಾಷ್ಟ್ರ ಡೊಮಿನಿಕಾಕ್ಕಾದ ಹಾನಿ ಮತ್ತು ನಷ್ಟ ಅದರ ವಾರ್ಷಿಕ ಆಂತರಿಕ ಉತ್ಪನ್ನದ 226 ಶೇಕಡಾ ಎಂದು ಅಂದಾಜಾಯಿತು. ಮಾಲ್ಡೀವ್ಸನ್ನು ಅತಿ ಹಿಂದುಳಿದ ರಾಷ್ಟ್ರಗಳ ಪಟ್ಟಿಯಿಂದ ಮೇಲೇರಿಸಲು ವಿಶ್ವಸಂಸ್ಥೆ ನಿರ್ಣಯಿಸಿದ್ದು 2004ರ ಡಿಸೆಂಬರ್ 20ರಂದು, ಸುನಾಮಿ ಬಂದದ್ದು 26ರಂದು. ಆ ಬಡ್ತಿ ಜಾರಿಯಾದದ್ದು 2011ರಲ್ಲಿ. ಆದ್ದರಿಂದ ಹತ್ತು ವರ್ಷಗಳ ಆಯವ್ಯಯದಲ್ಲಿ ಒಂದು ವರ್ಷ ಕೈತಪ್ಪಿಹೋಗುತ್ತದೆ ಎಂದೇ ಲೆಕ್ಕ ಹಾಕಿ, ಆ ವರ್ಷ ಯಾವ ಕೆಲಸ ನಿಲ್ಲಬೇಕು, ಯಾವುದು ನಿಲ್ಲಬಾರದು ಎಂಬುದನ್ನು ಮೊದಲೇ ಬರೆದಿಡಿ. ಹಾನಿಯ ಸಮೀಕ್ಷೆಗೆ ಕಾಯದೆ ಗಾಳಿಯ ವೇಗದಂಥ ಅಳತೆಗಳ ಲೆಕ್ಕದ ಮೇಲೆ ಹಣ ಕೊಡುವ ಸಾಮೂಹಿಕ ವಿಮೆಯನ್ನು ಕೆರಿಬಿಯನ್ ದೇಶಗಳು 2007ರಲ್ಲೇ ಕಟ್ಟಿಕೊಂಡಿವೆ. ಅದನ್ನು ಓದಿಕೊಂಡು ಬನ್ನಿ.

ಸೂಚ್ಯಂಕಗಳ ಬಗ್ಗೆ ಒಂದೇ ಮಾತು. ವರ್ಷಕ್ಕೆ 250 ಹೆರಿಗೆಗಳಾಗುವ ದೇಶದಲ್ಲಿ ಒಬ್ಬ ತಾಯಿ ತೀರಿಕೊಂಡರೆ ತಾಯಂದಿರ ಮರಣ ಪ್ರಮಾಣ ಲಕ್ಷಕ್ಕೆ 400 ಆಗುತ್ತದೆ, ಮರುವರ್ಷ ಸೊನ್ನೆಯಾಗುತ್ತದೆ. ಶೇಕಡಾವಾರು ಬಿಟ್ಟು ತಲೆ ಎಣಿಸಿ, ಐದು ವರ್ಷಗಳ ಸರಾಸರಿ ಇಡಿ.

ಕೊನೆಗೆ, ಬಹುತೇಕ ಯೋಜನೆಗಳು ಸೋಲುವ ಜಾಗಕ್ಕೆ ಬರೋಣ. ಸಣ್ಣ ದೇಶದಲ್ಲಿ ಹಣಕ್ಕಿಂತ ಅಪರೂಪದ ವಸ್ತು ಅಧಿಕಾರಿ. ಕೃಷಿ ವರದಿ, ಹವಾಮಾನ ವರದಿ, ದಾನಿಗಳ ಲೆಕ್ಕಪತ್ರ, ಜಿನೀವಾದ ಸಭೆ, ಎಲ್ಲವೂ ಒಬ್ಬರದೇ ಮೇಜಿಗೆ ಬರುತ್ತವೆ, ಅವರು ರಜೆಯ ಮೇಲೆ ಹೋದರೆ ಇಲಾಖೆಯೇ ರಜೆಯ ಮೇಲಿದ್ದಂತೆ. ಆದ್ದರಿಂದ ಕರಡಿನ ಪ್ರತಿ ಕಾರ್ಯಕ್ರಮದ ಎದುರಿಗೆ ಮೊತ್ತವನ್ನು ಬರೆಯುವ ಮೊದಲು ಅದನ್ನು ನಡೆಸುವ ಹುದ್ದೆಯನ್ನು ಬರೆಯಿರಿ. ಒಂದೇ ಹುದ್ದೆ ಮೂರಕ್ಕಿಂತ ಹೆಚ್ಚು ಸಲ ಬಂದರೆ ನಾಲ್ಕನೆಯ ಕಾರ್ಯಕ್ರಮವನ್ನು ಹೊಡೆದುಹಾಕಿ. ಸಿಮೆಂಟ್ ಕಾರ್ಖಾನೆ ಸೇರಿಸಿದ್ದ ಆ ತಂಡ ಈ ಪರೀಕ್ಷೆಗೆ ಕುಳಿತಾಗ ಅವರ 64 ಕಾರ್ಯಕ್ರಮಗಳು ಒಂದು ಮಧ್ಯಾಹ್ನದಲ್ಲಿ 11ಕ್ಕೆ ಇಳಿದವು, ಅವುಗಳಲ್ಲಿ ಎರಡು ಜೆಟ್ಟಿಗಳದ್ದು, ಮೂರು ನೀರಿನದ್ದು.