ಅರವತ್ತು ದಾಟಿದ ಮೇಲೆ ಲಕ್ಷದ್ವೀಪಕ್ಕೆ ಹಡಗಿನಲ್ಲಿ: ಇಬ್ಬರೇ ಹೊರಡುವುದು ಹೇಗೆ?

ಲಕ್ಷದ್ವೀಪದ ಹಡಗು ಪ್ರವಾಸ ಅಂದಕೂಡಲೇ ಎಲ್ಲರೂ ಕೇಳುವುದು ಖರ್ಚೆಷ್ಟು ಅಂತ. ಅರವತ್ತು ದಾಟಿದ ಗಂಡ ಹೆಂಡತಿ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ: ಇಬ್ಬರ ಮೊಣಕಾಲು ಹೇಗಿದೆ? ದ್ವೀಪಗಳ ಸುತ್ತ ಹವಳದ ದಿಬ್ಬಗಳಿವೆ. ಅದರೊಳಗಿನ ನೀರು ದೊಡ್ಡ ಹಡಗು ತೇಲುವಷ್ಟು ಆಳವಿಲ್ಲ. ಹಾಗಾಗಿ ಹಡಗು ಸಾಮಾನ್ಯವಾಗಿ ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಸಂಜೆ ಅದೇ ದೋಣಿಯಿಂದ ಮತ್ತೆ ಹಡಗು ಹತ್ತಬೇಕು. ದೋಣಿ ಅಲೆಯ ಮೇಲೆ ಏರಿಳಿಯುತ್ತಲೇ ಇರುತ್ತದೆ.

ಮಕ್ಕಳು ಷಷ್ಟ್ಯಬ್ದಿಗೆ ಉಡುಗೊರೆ ಅಂತ ಟಿಕೆಟ್ ತೆಗೆಸಿಬಿಡುತ್ತಾರೆ. ದೋಣಿಯ ವಿಷಯ ಅಪ್ಪ ಅಮ್ಮನಿಗೆ ಗೊತ್ತಾಗುವುದು ಹಡಗಿನ ಬಾಗಿಲಲ್ಲಿ ನಿಂತಾಗ. ಹಾಗಾಗಬಾರದು.

ಮೊದಲು ಮನೆಯಲ್ಲೇ ಪರೀಕ್ಷೆ

ಊರಿನ ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ನಿಮಗೆ ಗೊತ್ತು. ಯಾರೂ ಕೈ ಹಿಡಿದು ಎಳೆಯದೆ, ಕಂಬಿ ಹಿಡಿದು ಅದನ್ನು ಹತ್ತಿ ಇಳಿಯಲು ಆಗುತ್ತದಾ? ಗೋಡೆ ಹಿಡಿಯದೆ ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಲು ಆಗುತ್ತದಾ? ಎರಡು ಮಹಡಿ ಮೆಟ್ಟಿಲು ಹತ್ತಿದ ಮೇಲೆ ಸರಿಯಾಗಿ ಮಾತಾಡಲು ಉಸಿರು ಉಳಿಯುತ್ತದಾ? ಇದು ವೈದ್ಯರ ಪರೀಕ್ಷೆಗೆ ಬದಲಿ ಅಲ್ಲ. ಆದರೆ ಮೂರಕ್ಕೂ ಹೌದು ಅಂದರೆ ಹಡಗಿನ ಯೋಚನೆ ಮಾಡಬಹುದು.

ಒಬ್ಬರಿಗೆ ಆಗಿ ಇನ್ನೊಬ್ಬರಿಗೆ ಆಗದಿದ್ದರೆ? ಬಹಳ ಮನೆಗಳಲ್ಲಿ ಇರುವುದೇ ಹೀಗೆ. ಆಗ ಕೊಚ್ಚಿಯಿಂದ ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ವಿಮಾನದಲ್ಲಿ ಹೋಗಿ, ಒಂದೇ ಕಡೆ ಮೂರ್ನಾಲ್ಕು ದಿನ ತಂಗುವುದು ವಾಸಿ. ನನ್ನ ಕೇಳಿದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ವೈದ್ಯರ ಹತ್ತಿರ ಹೋದಾಗ ಸುಮ್ನೆ 'ಟೂರ್ ಹೋಗ್ತಿದೀವಿ' ಅನ್ನಬೇಡಿ. ಐದು ದಿನ ಸಮುದ್ರದಲ್ಲಿ, ದೊಡ್ಡ ಆಸ್ಪತ್ರೆಯಿಂದ ದೂರ ಅಂತ ಬಿಡಿಸಿ ಹೇಳಿ. ಕವರತ್ತಿ, ಮಿನಿಕಾಯ್ ದ್ವೀಪಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಕಾಯಿಲೆ ಜಾಸ್ತಿಯಾದವರನ್ನು ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೆ ಸಾಗಿಸುವ ಪರಿಸ್ಥಿತಿ ಅಲ್ಲಿಯದು. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು, ಮಂಡಿ ಬದಲಿಸಿಕೊಂಡವರು ವೈದ್ಯರ ಒಪ್ಪಿಗೆ ಇಲ್ಲದೆ ಹೊರಡಬಾರದು.

ಯಾವ ಹಡಗು?

ದಾರಿ ಎರಡು. ಮುಂಬೈನಿಂದ ಹೊರಡುವ ಖಾಸಗಿ ಐಷಾರಾಮಿ ಹಡಗಿನಲ್ಲಿ ಈಜುಕೊಳ, ಲಿಫ್ಟ್, ರಾತ್ರಿಯ ಮನರಂಜನೆ ಎಲ್ಲ ಇದೆ. ಆದರೆ ಲಕ್ಷದ್ವೀಪದಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಹಡಗೇ ಪ್ರವಾಸ ಅನ್ನುವವರಿಗೆ ಅದು ಸರಿ.

ದ್ವೀಪ ನೋಡಬೇಕು ಅನ್ನುವವರಿಗೆ ಲಕ್ಷದ್ವೀಪ ಆಡಳಿತದ 'ಸ್ಪೋರ್ಟ್ಸ್' ಅನ್ನುವ ಪ್ರವಾಸೋದ್ಯಮ ಸಂಸ್ಥೆ ನಡೆಸುವ 'ಸಮುದ್ರಂ' ಪ್ಯಾಕೇಜ್ ಇದೆ. ಎಂ.ವಿ. ಕವರತ್ತಿ ಹಡಗಿನಲ್ಲಿ ಐದು ದಿನ. ಮೊದಲ ದಿನ ಕೊಚ್ಚಿಯಲ್ಲಿ ಹಡಗು ಹತ್ತುತ್ತೀರಿ. ಮುಂದಿನ ಮೂರು ದಿನ ದಿನಕ್ಕೊಂದರಂತೆ ಕವರತ್ತಿ, ಕಲ್ಪೇನಿ, ಮಿನಿಕಾಯ್. ಐದನೆಯ ದಿನ ವಾಪಸ್ ಕೊಚ್ಚಿ. ದ್ವೀಪಗಳ ಸರದಿ ಹವಾಮಾನ ನೋಡಿ ಬದಲಾಗುತ್ತದೆ. ಹಗಲು ದ್ವೀಪದಲ್ಲಿ, ರಾತ್ರಿ ನಿದ್ದೆ ಹಡಗಿನಲ್ಲಿ. ದಿನಾ ಹೋಟೆಲ್ ಬದಲಿಸಿ ಪೆಟ್ಟಿಗೆ ಕಟ್ಟುವ ಗೋಳಿಲ್ಲ. ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ.

ಐಷಾರಾಮ ನಿರೀಕ್ಷಿಸಬೇಡಿ. 700 ಜನ ಹಿಡಿಯುವ ಇದು ದ್ವೀಪದವರು ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಓಡಾಡುವ ಹಡಗು. ಪ್ರವಾಸಿಗರು ಅದರಲ್ಲಿ ಒಂದು ಪಾಲು ಅಷ್ಟೇ. ಡೆಕ್ ಮೇಲೆ ಮಗುವನ್ನು ಮಲಗಿಸುತ್ತಾ ಕೂತ ಅಜ್ಜಿಯರ ಜೊತೆ ಮಾತಿಗೆ ಕೂರುವ ಅವಕಾಶ ಈಜುಕೊಳದ ಹಡಗಿನಲ್ಲಿ ಸಿಗುವುದಿಲ್ಲ.

ಬುಕ್ ಮಾಡುವಾಗ ಇಬ್ಬರೇ ಮಲಗುವ ಡೈಮಂಡ್ ದರ್ಜೆಯನ್ನೇ ಕೇಳಿ. ನಾಲ್ಕು ಜನರ ಕ್ಯಾಬಿನ್ ಅಗ್ಗ, ಆದರೆ ಮೇಲಿನ ಬರ್ತ್ ಪಾಲಿಗೆ ಬಂದರೆ ರಾತ್ರಿ ಎರಡು ಸಲ ಏಳುವವರ ಗತಿ ಏನು? ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಸಿಗುತ್ತದಾ ಅಂತಲೂ ವಿಚಾರಿಸಿ. ಅಲ್ಲಿ ಓಲಾಟ ಕಡಿಮೆ. ಸಸ್ಯಾಹಾರಿಗಳಾದರೆ ಆಗಲೇ ಹೇಳಿಬಿಡಿ. ದ್ವೀಪದ ಊಟ ಅಂದರೆ ತೆಂಗು ಮತ್ತು ಸೂರೆ (ಟ್ಯೂನಾ) ಮೀನು.

ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಮಾತು ಕೇಳುವುದಿಲ್ಲ. ಪ್ರವಾಸದ ಕಾಲ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳು ಆರಿಸಿಕೊಳ್ಳಿ. ಕ್ರಿಸ್‌ಮಸ್ ವಾರ ಮಾತ್ರ ಬೇಡ, ಗದ್ದಲ.

ಪರವಾನಗಿ ಇಲ್ಲದೆ ಹಡಗಿಲ್ಲ

ನಮ್ಮ ದೇಶದ್ದೇ ಜಾಗವಾದರೂ ಲಕ್ಷದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಬೇಕು. ಪ್ಯಾಕೇಜ್ ತೆಗೆದುಕೊಂಡರೆ ಅರ್ಜಿಯ ಕೆಲಸವನ್ನು ಬಹುಮಟ್ಟಿಗೆ ಅವರೇ ನೋಡಿಕೊಳ್ಳುತ್ತಾರೆ. ಗುರುತಿನ ಚೀಟಿ, ಫೋಟೊ ನೀವು ಕೊಡಬೇಕು. ಪೊಲೀಸ್ ಪ್ರಮಾಣಪತ್ರ ಬೇಕಾ ಅಂತ ಬುಕಿಂಗ್ ದಿನವೇ ಕೇಳಿ. ಬೇಕೆಂದರೆ ಕರ್ನಾಟಕದಲ್ಲಿ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಠಾಣೆಯಿಂದ ಪರಿಶೀಲನೆ ಆಗಲು ದಿನ ಹಿಡಿಯುತ್ತದೆ. ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಆಧಾರ್‌ನಲ್ಲಿ ಗಂಡನ ಹೆಸರು ಸೇರಿ, ಬೇರೆ ಚೀಟಿಯಲ್ಲಿ ಅಪ್ಪನ ಹೆಸರು ಉಳಿದಿರುವುದು ಹೆಂಗಸರಿಗೆ ಸಾಮಾನ್ಯ ತಾಪತ್ರಯ.

ಹೀಗೆ ಪರವಾನಗಿ ಹಿಡಿದು ಹೋಗಬೇಕಾದ ಈ ದ್ವೀಪಗಳಲ್ಲಿ ಕೆಲವು ಒಂದು ಕಾಲಕ್ಕೆ ಮಂಗಳೂರಿನ ಆಡಳಿತದಲ್ಲೇ ಇದ್ದವು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ 1780ರ ದಶಕದಲ್ಲಿ ಟಿಪ್ಪುವಿನ ಕೈಗೆ ಬಂದವು. 1799ರ ನಂತರ ಬ್ರಿಟಿಷರು ಅವನ್ನು ಕೆನರಾಕ್ಕೆ ಸೇರಿಸಿದರು. 1956ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಅಲ್ಲಿಯ ತೆಂಗಿನ ನಾರು ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿತ್ತು. 'ಸಮುದ್ರಂ' ಹಡಗು ಮಾತ್ರ ಆ ಐದರ ಕಡೆ ಹೋಗುವುದಿಲ್ಲ.

ಕೊಚ್ಚಿಗೆ ಒಂದು ದಿನ ಮೊದಲೇ

ಹಡಗು ಹತ್ತುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಬಂದರು ಕಟ್ಟುವಾಗ ತೆಗೆದ ಹೂಳಿನಿಂದ ಮಾಡಿದ ನೆಲ ಅದು. ಬೆಂಗಳೂರಿನ ಐಲ್ಯಾಂಡ್ ಎಕ್ಸ್‌ಪ್ರೆಸ್ ಹಿಂದೆ ಅಲ್ಲಿಯವರೆಗೇ ಓಡುತ್ತಿದ್ದರಿಂದ ಅದಕ್ಕೆ ಆ ಹೆಸರು. ಈಗ ಎರ್ನಾಕುಲಂ ಟೌನ್‌ನಲ್ಲಿ ಇಳಿಯಬೇಕು. ಮಂಗಳೂರು ಕಡೆಯವರಿಗೆ ರೈಲುಗಳು ಬೇಕಾದಷ್ಟಿವೆ. ಹಡಗಿನ ದಿನ ಬೆಳಿಗ್ಗೆ ಬಂದಿಳಿಯುವ ರೈಲು ನಂಬಬೇಡಿ. ಹಿಂದಿನ ದಿನವೇ ಬಂದು ರಾತ್ರಿ ಚೆನ್ನಾಗಿ ಮಲಗಿ. ನಿದ್ದೆಗೆಟ್ಟವರಿಗೆ ಸಮುದ್ರ ಬೇಗ ವಾಂತಿ ತರಿಸುತ್ತದೆ.

ಚೀಲದಲ್ಲಿ ಏನಿರಬೇಕು

ಮಾತ್ರೆಗಳ ಎರಡು ಗಂಟು ಮಾಡಿ. ಒಂದು ಯಜಮಾನರ ಚೀಲದಲ್ಲಿ, ಇನ್ನೊಂದು ಯಜಮಾನತಿಯ ಚೀಲದಲ್ಲಿ. ಒಂದು ಚೀಲ ಕೈತಪ್ಪಿದರೂ ಇಬ್ಬರದ್ದೂ ನಡೆಯಬೇಕು. ಹವಾಮಾನ ಕೆಟ್ಟರೆ ವಾಪಸಾಗುವುದು ತಡವಾಗುತ್ತದೆ, ಹಾಗಾಗಿ ಐದು ದಿನದ್ದು ಹೆಚ್ಚಿಗೆ ಇರಲಿ. ವೈದ್ಯರ ಚೀಟಿಯೂ ಜೊತೆಗಿರಲಿ. ಇನ್ಸುಲಿನ್ ಇದ್ದರೆ ತಣ್ಣಗಿಡುವ ವ್ಯವಸ್ಥೆ ಹೇಗೆ ಅಂತ ಮೊದಲೇ ವಿಚಾರಿಸಿ.

ವಾಂತಿ ತಡೆಯುವ ಮಾತ್ರೆಯನ್ನು ಹಡಗು ಓಲಾಡಲು ಶುರುವಾದ ಮೇಲೆ ನುಂಗಿದರೆ ತಡವಾಯಿತು, ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ಆದರೆ ಪಕ್ಕದ ಮನೆಯವರು ಹೇಳಿದ ಮಾತ್ರೆ ಬೇಡ. ಈ ಗುಂಪಿನ ಹಲವು ಮಾತ್ರೆಗಳು ತೂಕಡಿಕೆ ತರುತ್ತವೆ. ಪ್ರಾಸ್ಟೇಟ್ ತೊಂದರೆ ಇರುವವರಿಗೆ ಮೂತ್ರ ಕಟ್ಟಬಹುದು. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರೂ ಕೇಳದೆ ತೆಗೆದುಕೊಳ್ಳಬಾರದು. ತೂಕಡಿಸುತ್ತಾ ದೋಣಿಗೆ ಇಳಿಯುವುದಂತೂ ಬೇಡವೇ ಬೇಡ. ಹಡಗಿನಲ್ಲಿ ಹೊಟ್ಟೆ ತೊಳಸಿದರೆ ಕ್ಯಾಬಿನ್‌ನಲ್ಲಿ ಮುದುಡಿಕೊಳ್ಳದೆ ಡೆಕ್‌ಗೆ ಬಂದು ದೂರದ ಸಮುದ್ರದ ಅಂಚು ನೋಡುತ್ತಾ ಕೂರಿ.

ಒಂದು ಸಣ್ಣ ಟಾರ್ಚ್ ತಲೆದಿಂಬಿನ ಪಕ್ಕ ಇರಲಿ. ಹಡಗಿನ ಬಾಗಿಲುಗಳಿಗೆ ಎತ್ತರದ ಹೊಸ್ತಿಲು ಇರುತ್ತದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಎಡವುವುದು ಅಲ್ಲೇ.

ಹಣ ನಗದಾಗಿ ಒಯ್ಯಿರಿ. ದ್ವೀಪಗಳಲ್ಲಿ ಎಟಿಎಂ ಕಡಿಮೆ. ಫೋನಿಗೆ ಬಿಎಸ್‌ಎನ್‌ಎಲ್ ಅಥವಾ ಏರ್‌ಟೆಲ್ ಸಿಮ್ ಇದ್ದರೆ ಒಳ್ಳೆಯದು. ನಡು ಸಮುದ್ರದಲ್ಲಿ ಯಾವುದೂ ಸಿಗುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಗಾಬರಿಯಾಗುತ್ತಾರೆ.

ದೋಣಿಗೆ ಇಳಿಯುವ ಕ್ರಮ

ನಾನು ಹೇಳಬೇಕಾದ್ದರಲ್ಲಿ ಮುಖ್ಯವಾದದ್ದು ಇದೇ, ಸ್ವಲ್ಪ ನಿಧಾನವಾಗಿ ಓದಿ.

ಉಡುಪಿನಿಂದ ಶುರು ಮಾಡೋಣ. ಸೀರೆ, ಪಂಚೆ ಆ ಹೊತ್ತಿಗೆ ಬೇಡ. ಚೂಡಿದಾರ್ ಅಥವಾ ಪ್ಯಾಂಟ್ ಇರಲಿ. ಸೀರೆ ಬಿಟ್ಟು ಬೇರೆ ಉಟ್ಟೇ ಇಲ್ಲದವರು ಊರಲ್ಲೇ ಎರಡು ದಿನ ಚೂಡಿದಾರ್ ಹಾಕಿ ಓಡಾಡಿ ರೂಢಿ ಮಾಡಿಕೊಳ್ಳಿ. ಕಾಲಿಗೆ ಹಿಂಬದಿ ಪಟ್ಟಿ ಇರುವ ಸ್ಯಾಂಡಲ್. ಹವಾಯಿ ಚಪ್ಪಲಿ ಒದ್ದೆ ಮೆಟ್ಟಿಲಲ್ಲಿ ಜಾರುತ್ತದೆ. ಓದುವುದಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವವರು ಗಮನಿಸಿ: ಅದರ ಕೆಳಭಾಗದಿಂದ ನೋಡಿದರೆ ಕಾಲಡಿಯ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಕತ್ತು ಬಗ್ಗಿಸಿ ಮೇಲಿನ ಭಾಗದಿಂದಲೇ ನೋಡಬೇಕು. ದೂರದ ಕನ್ನಡಕ ಬೇರೆ ಇದ್ದರೆ ಅದೇ ಹಾಕಿಕೊಳ್ಳಿ. ಶ್ರವಣಯಂತ್ರವನ್ನು ಜಿಪ್ ಚೀಲಕ್ಕೆ ಸೇರಿಸುವ ಮುಂಚೆ, ಸಿಬ್ಬಂದಿ ಏನು ಹೇಳುತ್ತಿದ್ದಾರೆ ಅಂತ ಸರಿಯಾಗಿ ಕೇಳಿಕೊಳ್ಳಿ.

ಲೈಫ್ ಜಾಕೆಟ್ ಹಾಕಿ ಕಟ್ಟಿಕೊಳ್ಳಿ. ಚೀಲವನ್ನು ಸಿಬ್ಬಂದಿಗೆ ಕೊಡಿ. ಎರಡೂ ಕೈ ಖಾಲಿ ಇರಬೇಕು. ಮೊಬೈಲ್ ಹಿಡಿದು ಸೆಲ್ಫಿ ತೆಗೆಯುವ ಜಾಗ ಇದಲ್ಲ.

ಗಡಿಬಿಡಿ ಮಾಡಿ ಮೊದಲಿಗರಾಗಬೇಡಿ. ನಾಲ್ಕೈದು ಜನ ಇಳಿಯುವುದನ್ನು ನಿಂತು ನೋಡಿ. ದೋಣಿ ಏರುತ್ತದೆ, ಒಂದು ಕ್ಷಣ ಹಡಗಿನ ಬಾಗಿಲಿಗೆ ಸಮವಾಗಿ ನಿಂತಂತಾಗುತ್ತದೆ, ಮತ್ತೆ ಇಳಿಯುತ್ತದೆ. ಕಾಲಿಡಬೇಕಾದ್ದು ಆ ಕ್ಷಣದಲ್ಲಿ. ನೆಗೆಯುವುದಲ್ಲ, ಹೆಜ್ಜೆ ಹಾಕುವುದು. ಹಡಗಿನ ಕಡೆ ಇಬ್ಬರು, ದೋಣಿಯ ಕಡೆ ಇಬ್ಬರು ನಿಮ್ಮ ತೋಳು ಹಿಡಿಯುತ್ತಾರೆ. ಅವರು 'ಈಗ' ಅಂದಾಗ ಇಡಿ, 'ನಿಲ್ಲಿ' ಅಂದರೆ ನಿಲ್ಲಿ. ಅರ್ಧ ಹೆಜ್ಜೆ ಇಟ್ಟು ಹಿಂದೆ ಸರಿಯುವುದು ಎಲ್ಲಕ್ಕಿಂತ ಅಪಾಯ. ಇನ್ನೊಂದು ಮಾತು, ದೋಣಿಯ ಅಂಚಿನ ಮೇಲೆ ಹೊರಗಡೆ ಕೈ ಇಡಲೇಬೇಡಿ. ಹಡಗಿಗೂ ದೋಣಿಗೂ ನಡುವೆ ಬೆರಳು ಸಿಕ್ಕರೆ ಜಜ್ಜಿಹೋಗುತ್ತದೆ.

ಗಂಡ ಹೆಂಡತಿ ಕೈ ಕೈ ಹಿಡಿದು ಇಳಿಯಬಾರದು. ಒಬ್ಬರು ತಡವರಿಸಿದರೆ ಇಬ್ಬರೂ ಬೀಳುತ್ತಾರೆ. ಕಾಲು ಗಟ್ಟಿಯಿರುವವರು ಮೊದಲು ಇಳಿದು ಕೂತುಬಿಡಿ. 'ಹೆದರಬೇಡ್ವೇ, ಬಾ' ಅಂತ ಕೆಳಗಿನಿಂದ ಕೂಗುವುದೂ ಬೇಡ. ಒಂದೇ ಹೊತ್ತಿಗೆ ಇಬ್ಬರ ಮಾತು ಕೇಳಿದರೆ ಇಳಿಯುವವರಿಗೆ ಗೊಂದಲ.

ಸಂಜೆ ಹತ್ತುವುದು ಇದಕ್ಕಿಂತ ಕಷ್ಟ. ಮೈ ದಣಿದಿರುತ್ತದೆ, ಗಾಳಿಯೂ ಎದ್ದಿರಬಹುದು. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ನೆರಳಲ್ಲಿ ಅರ್ಧ ಗಂಟೆ ಅಡ್ಡಾಗಿ. ಬೆಳಿಗ್ಗೆ ಇಳಿಯುವಾಗಲೇ ಕಾಲು ನಡುಗಿದ್ದರೆ, ಮರುದಿನ ಹಡಗಿನಲ್ಲೇ ಉಳಿಯಿರಿ. ಅಲೆ ಜಾಸ್ತಿ ಇದ್ದರೆ ಇಳಿಯುವ ಕಾರ್ಯಕ್ರಮವನ್ನೇ ರದ್ದು ಮಾಡುತ್ತಾರೆ. 'ದುಡ್ಡು ಕೊಟ್ಟಿದೀವಿ' ಅಂತ ಕ್ಯಾಪ್ಟನ್ ಹತ್ತಿರ ಜಗಳವಾಡಿ ಫಲವಿಲ್ಲ.

ದ್ವೀಪದಲ್ಲಿ ಹಗಲು

ಕವರತ್ತಿಯಲ್ಲಿ ಗಾಜಿನ ತಳದ ದೋಣಿ ಹತ್ತಿ. ನೀರಿಗಿಳಿಯದೆ ಹವಳ, ಮೀನು ನೋಡಲು ಇದೇ ಸುಖದ ದಾರಿ. ಉಜ್ರಾ ಮಸೀದಿಯ ಮರದ ಕೆತ್ತನೆ ನೋಡುವಂಥದ್ದು. ಕಲ್ಪೇನಿಯ ಪೂರ್ವ ದಡದಲ್ಲಿ 1847ರ ಬಿರುಗಾಳಿ ಎತ್ತಿ ಹಾಕಿದ ಹವಳದ ರಾಶಿಯ ದಿಬ್ಬವೇ ಇದೆ. ಅಲ್ಲಿಯ ಲಗೂನ್, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರು, ವಿಶಾಲ, ಸೊಂಟದವರೆಗಿನ ನೀರಲ್ಲಿ ನಿಲ್ಲಬಹುದು. ಮಿನಿಕಾಯ್ ಉಳಿದವುಗಳಿಂದ ದೂರ. ಅಲ್ಲಿಯ ಮಾತು ಮಹ್ಲ್, ಮಾಲ್ಡೀವ್ಸ್‌ನ ಭಾಷೆಗೆ ಹತ್ತಿರದ್ದು. ಅಲ್ಲಿನ ದೀಪಸ್ತಂಭ 1885ರದ್ದು. ಸುರುಳಿ ಮೆಟ್ಟಿಲು ಹತ್ತುವ ಆಸೆ ಆಗುತ್ತದೆ. ಸಂಜೆ ಮತ್ತೆ ದೋಣಿ ಇದೆ ಅನ್ನುವುದು ನೆನಪಿರಲಿ. ಇಬ್ಬರಲ್ಲಿ ಒಬ್ಬರು ಹತ್ತಿ ಫೋಟೊ ತಂದರೂ ಸಾಕಲ್ವಾ?

ಸ್ನಾರ್ಕೆಲಿಂಗ್‌ಗೆ (ಉಸಿರಾಡುವ ಕೊಳವೆ ಕಚ್ಚಿ, ಮುಖ ನೀರಲ್ಲಿಟ್ಟು ತೇಲುವುದಕ್ಕೆ) ಬಿ.ಪಿ., ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಮರಳಿಗೂ ಇಳಿಯಬೇಡಿ. ಕಾಲಿನ ಸ್ಪರ್ಶ ಮಂದವಾಗಿದ್ದರೆ ಬಿಸಿ ಮರಳು ಸುಟ್ಟದ್ದೂ ಹವಳ ಕೊಯ್ದದ್ದೂ ಗೊತ್ತಾಗುವುದಿಲ್ಲ. ರಾತ್ರಿ ಪಾದ ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಒಬ್ಬರದ್ದನ್ನು ಇನ್ನೊಬ್ಬರು ನೋಡಿ.

ಶೌಚಾಲಯದ ಭಯಕ್ಕೆ ನೀರು ಕುಡಿಯದೆ ಇರುವವರು ಬಹಳ. ಬಿ.ಪಿ.ಗೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಬಿಸಿಲಲ್ಲಿ ಅದು ತಲೆಸುತ್ತಿಗೆ ದಾರಿ. ಆ ಮಾತ್ರೆಯ ಹೊತ್ತನ್ನು ದೋಣಿಯ ಹೊತ್ತಿಗೆ ಹೊಂದಿಸಬಹುದಾ ಅಂತ ವೈದ್ಯರನ್ನು ಕೇಳಿ. ದಡಕ್ಕೆ ಬಂದಕೂಡಲೇ ಶೌಚಾಲಯ ಎಲ್ಲಿದೆ ಅಂತ ನೋಡಿಟ್ಟುಕೊಂಡು ಧಾರಾಳವಾಗಿ ನೀರು ಕುಡಿಯಿರಿ.

ಊರೊಳಗೆ ಹೋಗುವಾಗ ಮೈ ತುಂಬ ಬಟ್ಟೆ ಇರಲಿ, ಯಾರದ್ದಾದರೂ ಫೋಟೊ ತೆಗೆಯುವ ಮುಂಚೆ ಕೇಳಿ. ಮದ್ಯಕ್ಕೆ ಇಲ್ಲಿ ನಿಷೇಧವಿದೆ.

ವಾಪಸಾಗುವಾಗ

ಮೊಮ್ಮಕ್ಕಳಿಗೆ ಅಂತ ದಡದ ಹವಳದ ತುಂಡು ಚೀಲಕ್ಕೆ ಹಾಕಿಕೊಳ್ಳಬೇಡಿ. ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸತ್ತ ತುಂಡಾದರೂ ಕೇಸ್ ಆಗಬಹುದು. ಬೇಕಾದರೆ ಒಣಗಿಸಿದ ಸೂರೆ ಮೀನು, ತೆಂಗಿನ ಸಿಹಿ ಕೊಳ್ಳಿ. ಮೀನಿನ ಪೊಟ್ಟಣವನ್ನು ಮೂರು ಪದರ ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ಇಲ್ಲದಿದ್ದರೆ ರೈಲಿನ ಇಡೀ ಬೋಗಿಗೆ ಗೊತ್ತಾಗುತ್ತದೆ.

ಕೊಚ್ಚಿಯಲ್ಲಿ ಇಳಿದ ದಿನವೇ ರೈಲು ಬುಕ್ ಮಾಡಬೇಡಿ. ಹಡಗು ತಡವಾಗಬಹುದು. ತಡವಾಗದಿದ್ದರೂ ನೆಲದ ಮೇಲೆ ನಿಂತಾಗ ಓಲಾಡಿದ ಹಾಗೆ ಅನ್ನಿಸುವುದು ಕೆಲವರಿಗೆ ಒಂದೆರಡು ದಿನ ಇರುತ್ತದೆ. ಅದು ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಮೆಟ್ಟಿಲು ಇಳಿಯುವಾಗ ಕಂಬಿ ಬಿಡಬೇಡಿ, ಸ್ಕೂಟರ್ ಓಡಿಸಬೇಡಿ. ವಾರ ಕಳೆದರೂ ಹೋಗದಿದ್ದರೆ ಕಿವಿಯ ವೈದ್ಯರಿಗೆ ತೋರಿಸಿ.